ಬಣ್ಣದಲ್ಲಿ ಉಳಿದ ವಸಂತ: ನಮ್ಮ ಸೀಮೆಯ ಹೂಚಿತ್ರಗಳ ಚರಿತ್ರೆ

ಯುಗಾದಿಯ ಹೊತ್ತಿಗೆ ಹೆಬ್ಬೆಯ ಸುತ್ತಿನ ಕಾಡು-ತೋಟಗಳ ಬಣ್ಣವೇ ಬೇರೆಯಾಗುತ್ತದೆ. ಎಲೆ ಉದುರಿಸಿದ ಮುತ್ತುಗ ಕೆಂಡದಂತೆ ಅರಳುತ್ತದೆ. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗಿ ಘಮಘಮಿಸುತ್ತದೆ. ಶಾಲೆಯ ಮಕ್ಕಳು ಡ್ರಾಯಿಂಗ್ ಹಾಳೆ ಮಡಿಸಿ, ಇಂಥ ಹೂಗಳನ್ನು ಜಲವರ್ಣದಲ್ಲಿ ಬರೆದು ಶುಭಾಶಯ ಪತ್ರ ಮಾಡುವುದು ಉಂಟು. ಇದನ್ನು ಬರೀ ಹೊತ್ತು ಕಳೆಯುವ ಕೆಲಸವೆಂದು ತಿಳಿಯಬಾರದು. ಹೂವನ್ನು ನೋಡಿ ಬರೆದಿಡುವ ಈ ವಿದ್ಯೆಗೆ ನಮ್ಮ ಸೀಮೆಯಲ್ಲಿ 175 ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಮದರಾಸಿನಲ್ಲಿ 1820ರಲ್ಲಿ ಹುಟ್ಟಿದ ಹ್ಯೂ ಕ್ಲೆಗಾರ್ನ್ ವೃತ್ತಿಯಿಂದ ವೈದ್ಯರು. ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಶಿವಮೊಗ್ಗಕ್ಕೆ ಬಂದ ಅವರು ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ವ್ರತ ಹಿಡಿದರು. ಆ ಗಿಡಗಳನ್ನು ಚಿತ್ರಿಸಲು ಮರಾಠಿ ಕಲಾವಿದರೊಬ್ಬರನ್ನು ನೇಮಿಸಿಕೊಂಡರು. 1845ರಿಂದ 1847ರವರೆಗೆ ಈ ಕೆಲಸ ನಡೆಯಿತು. ಆ ಚಿತ್ರಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ರಾಜೋದ್ಯಾನದ ಸಂಗ್ರಹದಲ್ಲಿವೆ.

ಛಾಯಾಚಿತ್ರದ ಅನುಕೂಲವಿಲ್ಲದ ಆ ಕಾಲದಲ್ಲಿ ಗಿಡದ ಗುರುತು ಉಳಿಸಲು ಎರಡೇ ದಾರಿ. ಒಂದು, ಗಿಡವನ್ನು ಒತ್ತಿ ಒಣಗಿಸುವುದು. ಇನ್ನೊಂದು, ಚಿತ್ರ ಬರೆಯುವುದು. ಒಣಗಿದ ಹೂವಿನಲ್ಲಿ ಬಣ್ಣ ನಿಲ್ಲದು. ಕಿತ್ತ ಹೂ ಬಾಡುವುದರೊಳಗೆ ಬಣ್ಣ ಹಿಡಿಯಬೇಕು; ಅದಕ್ಕೆ ಬೇಗ ಆರುವ ಜಲವರ್ಣವೇ ಒಗ್ಗುತ್ತದೆ. ಜಲವರ್ಣದಲ್ಲಿ ಕಾಗದದ ಬಿಳುಪೇ ಹೂವಿನ ಬಿಳುಪು. ಕಾಫಿ ಹೂ ಬರೆಯುವವರು ದಳಗಳಿಗೆ ಬಣ್ಣ ಹಚ್ಚದೆ, ಸುತ್ತಲಿನ ಎಲೆಯ ಹಸಿರನ್ನು ತುಂಬಿದರೆ ಹೂ ತಾನಾಗಿ ಎದ್ದು ಕಾಣುತ್ತದೆ.

ಹೀಗೆ ಗಿಡಗಳನ್ನು ನೋಡುತ್ತ ಹೋದ ಕಣ್ಣಿಗೆ ಕಾಡಿನ ನಾಶವೂ ಕಾಣದಿರಲಿಲ್ಲ. 1851ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘಕ್ಕೆ ಉಷ್ಣವಲಯದ ಕಾಡುಗಳ ನಾಶದ ಬಗ್ಗೆ ಸಲ್ಲಿಸಿದ ವರದಿಯಲ್ಲಿ ಕ್ಲೆಗಾರ್ನರ ಪಾತ್ರ ದೊಡ್ಡದು. 1856ರಲ್ಲಿ ಅವರು ಮದರಾಸು ಪ್ರಾಂತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದರು.

ಆದರೆ ಈ ಚರಿತ್ರೆಯಲ್ಲಿ ಒಂದು ಕೊರತೆಯಿದೆ. ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಒಂದು ಸಸ್ಯಕುಲಕ್ಕೆ ಕ್ಲೆಗಾರ್ನರ ನೆನಪಿಗೆ 'ಕ್ಲೆಗಾರ್ನಿಯಾ' ಎಂದು ಹೆಸರಿಟ್ಟರು. ತಮ್ಮ ಚಿತ್ರಕಾರ ಗೋವಿಂದು ಅವರ ನೆನಪಿಗೆ ಒಂದು ಸೀತಾಳೆ ಜಾತಿಯ ಗಿಡವನ್ನು 'ಗೋವಿಂದೂಯಿಯಾ' ಎಂದು ಕರೆದರು. ಮುಂದೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಹೂಗಿಡಗಳನ್ನು ಚಿತ್ರಿಸಿದ ಚೆಲುವಯ್ಯ ರಾಜು ಅವರ ಹೆಸರೂ ಉಳಿಯಿತು. ಶಿವಮೊಗ್ಗದ ಚಿತ್ರಗಾರರು ಮಾತ್ರ 'ಮರಾಠಿ ಕಲಾವಿದ' ಎಂದಷ್ಟೇ ಉಳಿದರು. ಕೈಕೆಲಸ ಸಮುದ್ರ ದಾಟಿ ಉಳಿಯಿತು. ಕೈಯ ಹೆಸರು ಅಳಿಯಿತು.

ಸುವರ್ಣ ಮಹೋತ್ಸವದ ಈ ವರ್ಷದಲ್ಲಿ ನಮ್ಮ ಮಕ್ಕಳು ಬರೆಯುವ ಕಾರ್ಡುಗಳಿಗೆ ಹಾಗಾಗದಿರಲಿ. ಪ್ರತಿ ಕಾರ್ಡಿನ ಹಿಂದೆ ಬರೆದವರ ಹೆಸರು, ತರಗತಿ, ಹೂವಿಗೆ ಊರಿನವರು ಕರೆಯುವ ಹೆಸರು, ಅದು ಸಿಕ್ಕ ಜಾಗ, ತಾರೀಖು ಇವಿಷ್ಟನ್ನು ಬರೆಸೋಣ. ವರ್ಷಕ್ಕೆ ಕೆಲವನ್ನು ಶಾಲೆಯ ಗ್ರಂಥಾಲಯದಲ್ಲಿ, ಬಿಸಿಲು ತಾಗದಂತೆ ತೆಗೆದಿಡೋಣ. ಮುತ್ತುಗ ಯಾವ ವರ್ಷ ಯಾವ ದಿನ ಅರಳಿತ್ತು, ಹೂಮಳೆ ಎಷ್ಟು ತಡವಾಯಿತು ಎಂಬುದನ್ನು ಶತಮಾನೋತ್ಸವದ ಹೊತ್ತಿಗೆ ಓದುವವರಿಗೆ ಆ ಕಾರ್ಡುಗಳೇ ಹೇಳಲಿ. ಅವನ್ನು ಬರೆದವರು ಯಾರೆಂಬುದನ್ನೂ ಹೇಳಲಿ.