ಅರಿವಳಿಕೆ ವೈದ್ಯರ ವೃತ್ತಿಜನ್ಯ ಅಪಾಯಗಳು

ರೋಗಿಗೆಂದು ಬಿಟ್ಟ ಅರಿವಳಿಕೆ ಅನಿಲದ ಒಂದಂಶ ವೈದ್ಯರ ಶ್ವಾಸಕೋಶವನ್ನೂ ಸೇರುತ್ತದೆ. 1967ರಲ್ಲಿ ಸೋವಿಯತ್ ಒಕ್ಕೂಟದ ವೈಸ್ಮನ್, ಅರಿವಳಿಕೆ ವೈದ್ಯೆಯರ 31 ಗರ್ಭಧಾರಣೆಗಳಲ್ಲಿ 18 ಗರ್ಭಪಾತದಲ್ಲಿ ಕೊನೆಗೊಂಡವೆಂದು ವರದಿ ಮಾಡಿದ ಮೇಲೆ ಈ ವಿಷಯ ಚರ್ಚೆಗೆ ಬಂದಿತು. ಅಷ್ಟು ಚಿಕ್ಕ ಸಮೀಕ್ಷೆಯನ್ನು ನಾನು ಪುರಾವೆಯೆನ್ನಲಾರೆ, ಎಚ್ಚರಿಕೆಯೆನ್ನಬಲ್ಲೆ. ನೈಟ್ರಸ್ ಆಕ್ಸೈಡಿನ ಸಂಗತಿ ಹೆಚ್ಚು ಸ್ಪಷ್ಟ. ಅದು ಬಿ12 ಜೀವಸತ್ವದೊಳಗಿನ ಕೋಬಾಲ್ಟನ್ನು ಉತ್ಕರ್ಷಿಸಿ ಜೀವಸತ್ವವನ್ನೇ ನಿಷ್ಕ್ರಿಯಗೊಳಿಸುತ್ತದೆ; ಇದರಿಂದ ಡಿಎನ್‌ಎ ರಚನೆ ಕುಂಠಿತವಾಗುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯಲ್ಲಿ ಇದರ ಸರಾಸರಿ ಪ್ರಮಾಣ ದಶಲಕ್ಷಕ್ಕೆ 25 ಭಾಗಗಳನ್ನು ಮೀರಬಾರದೆಂದು ಅಮೆರಿಕದ ನಯೋಶ್ ಸಂಸ್ಥೆ 1977ರಲ್ಲಿ ಶಿಫಾರಸು ಮಾಡಿತು. ಉಳಿಕೆ ಅನಿಲವನ್ನು ಹೊರಗೆಳೆಯುವ ಕೊಳವೆ ಮತ್ತು ಸತತ ವಾತಾಯನ ಇದ್ದಲ್ಲಿ ಅಪಾಯ ಬಹಳ ತಗ್ಗುತ್ತದೆ. ಆದರೂ ಮಕ್ಕಳಿಗೆ ಮಾಸ್ಕ್ ಹಿಡಿದು ಸೆವೊಫ್ಲುರೇನ್ ಕೊಡುವಾಗ ಅಂಚಿನಿಂದ ಸೋರಿದ್ದು ಮೊದಲು ತಲುಪುವುದು ತಲೆದೆಸೆಯಲ್ಲಿ ನಿಂತ ವೈದ್ಯರನ್ನೇ.

ಅನಿಲಕ್ಕಿಂತ ಕಡಿಮೆ ಚರ್ಚೆಯಾಗುವುದು ನಿದ್ರೆಗೇಡು. ನಾನು ನೆಲೆಸಿರುವ ಟಿಲ್‌ಬರ್ಗ್‌ನ ಎಲಿಸಬೆತ್-ಟ್ವೇಸ್ಟೇಡನ್ ಆಸ್ಪತ್ರೆಯಂತಹ ಅಪಘಾತ ಚಿಕಿತ್ಸಾ ಕೇಂದ್ರಗಳಲ್ಲಿ ರಾತ್ರಿಪಾಳಿ ಅನಿವಾರ್ಯ. ದಣಿದವರ ಕೈಗೆಟಕುವಂತೆಯೇ ಫೆಂಟನಿಲ್, ಪ್ರೊಪೊಫಾಲ್ ಇರುತ್ತವೆ. ಈ ವೃತ್ತಿಯಲ್ಲಿ ವ್ಯಸನದ ಮೊದಲ ಕುರುಹು ಕೆಲವೊಮ್ಮೆ ಮಿತಿಮೀರಿದ ಪ್ರಮಾಣದಿಂದಾದ ಸಾವೇ ಆಗಿರುತ್ತದೆ. ಆದ್ದರಿಂದಲೇ ಉಳಿದ ಔಷಧವನ್ನು ಚೆಲ್ಲುವಾಗ ಇನ್ನೊಬ್ಬರು ಸಾಕ್ಷಿಯಾಗಿ ಸಹಿ ಹಾಕುವ ಪದ್ಧತಿ ಹಲವೆಡೆ ರೂಢಿಯಲ್ಲಿದೆ.