ಪರಗೃಹದ ಅನ್ನ, ಪರಗೃಹದ ವಿದ್ಯೆ

ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಕೆತ್ತಿಸಿದ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಶಾಸನವು, ಮಾತಾಪಿತೃಗಳ ಶುಶ್ರೂಷೆಯನ್ನೂ ಸತ್ಯವಚನವನ್ನೂ ವಿಧಿಸಿ, ಅದೇ ಉಸಿರಿನಲ್ಲಿ ಅಂತೇವಾಸಿಯು ಆಚಾರ್ಯನನ್ನು ಗೌರವಿಸತಕ್ಕದ್ದೆಂದು ಸಾರುತ್ತದೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ 1885ರಲ್ಲಿ ಜನಿಸಿದ ಅಧ್ಯಾಪಕ ಟಿ. ಎಸ್. ವೆಂಕಣ್ಣಯ್ಯನವರಾದರೋ, ಶಿಷ್ಯರಾದ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನೇ ಅರ್ಪಿಸುವಷ್ಟು ಶಿಷ್ಯವತ್ಸಲರಾಗಿದ್ದರು.

ಇಂತಹ ಗುರುಗಳ ಬಳಿ ಕಲಿಯಲು ಊರು ಬಿಟ್ಟ ಬಡ ಶಿಷ್ಯನನ್ನು ಸಲಹಿದುದು ಪರರ ಮನೆಯ ವಾರಾನ್ನ. ಅನ್ಯದೇಶದ ಕುಟುಂಬದಲ್ಲಿ ನೆಲಸಿ, ಅವರ ಮಕ್ಕಳನ್ನು ನೋಡಿಕೊಂಡು, ಊಟ ವಸತಿ ಕೈಖರ್ಚುಗಳನ್ನು ಪಡೆಯುವ ಯೂರೋಪಿನ ‘ಓ ಪೇರ್’ ಪದ್ಧತಿಗೆ 1969ರ ಸ್ಟ್ರಾಸ್‌ಬರ್ಗ್ ಒಡಂಬಡಿಕೆಯು ಕಟ್ಟಳೆಯನ್ನು ಒದಗಿಸಿತು; ನಮ್ಮ ವಾರಾನ್ನಕ್ಕೆ ಬಾಯಿಮಾತೇ ಕರಾರಾಗಿತ್ತು. ಮಳೆ ಕಾಣದ ಮೊಳಕಾಲ್ಮೂರು-ಚಳ್ಳಕೆರೆಯ ಈ ಬಯಲಿನಿಂದ ವಿದ್ಯಾರ್ಥಿಯಾಗಿ ಪಟ್ಟಣ ಸೇರಿದ ಬಡ ಬ್ರಾಹ್ಮಣ ಬಾಲಕನು, ದಿನಕ್ಕೊಂದು ಮನೆಯಂತೆ ಉಂಡು, ಬಾವಿಯಿಂದ ನೀರು ಸೇದಿಕೊಟ್ಟು, ಆ ಮನೆಯ ಕೂಸಿನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಜಗಲಿಯ ಬುಡ್ಡಿದೀಪದಲ್ಲಿ ತನ್ನ ಪಾಠ ಓದಿಕೊಳ್ಳುತ್ತಿದ್ದನು. ವಾರದ ಒಂದು ಮನೆ ತಪ್ಪಿತೆಂದರೆ ಅಂದು ತಣ್ಣೀರೇ ಗತಿ. ಹಂಗಿನ ಅನ್ನವು ಗಂಟಲಲ್ಲಿ ಇಳಿಯುವುದು ಸುಲಭವಲ್ಲ. ಆದರೂ ಆ ಗೃಹಿಣಿಯರು ಬಡಿಸಿದ ತುತ್ತಿನಿಂದಲೇ ಒಂದು ತಲೆಮಾರು ವಿದ್ಯಾವಂತವಾಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಲೇಬೇಕು.

ಈ ಔದಾರ್ಯವು ಜಾತಿಯ ಹೊಸ್ತಿಲನ್ನು ದಾಟಲಿಲ್ಲ. ಆ ಹೊಸ್ತಿಲಿನಾಚೆ ನಿಂತ ಅನೇಕ ಬಾಲಕರಿಗೆ ಅನ್ನವೂ ಸೂರೂ ದೊರೆತುದು ಚಿತ್ರದುರ್ಗದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ತೆರೆಸಿದ ಉಚಿತ ವಿದ್ಯಾರ್ಥಿನಿಲಯಗಳಲ್ಲಿ. ಜಾತಿಯಂತೆಯೇ ಹೆಣ್ಣುಗಂಡೆಂಬ ಹೊಸ್ತಿಲೂ ಇತ್ತು: ಓ ಪೇರ್ ಆಗಿ ಹೊರಡುವವರಲ್ಲಿ ಹುಡುಗಿಯರೇ ಹೆಚ್ಚು; ವಾರಾನ್ನದ ಎಲೆಯ ಮುಂದೆ ಕುಳಿತವರಾದರೋ ಗಂಡುಮಕ್ಕಳು.