ಕಲ್ಲಿನ ಸಂದು, ಹಲ್ಲಿನ ಸಂದು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಬರುವವರು ಶಿಲ್ಪಗಳನ್ನು ಕಣ್ತುಂಬ ನೋಡುತ್ತಾರೆ. ಕಲ್ಲಿಗೆ ಕಲ್ಲು ಸೇರುವ ಸಂದನ್ನು ನೋಡುವವರು ವಿರಳ. ವಿಷ್ಣುವರ್ಧನನ ಕಾಲದಲ್ಲಿ, ಕ್ರಿ.ಶ. 1121ರ ಸುಮಾರಿಗೆ ಆರಂಭವಾದ, 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ಗುಡಿಯಲ್ಲಿ ಬಳಪದ ಕಲ್ಲುಗಳನ್ನು ಗಾರೆಯ ನೆರವಿಲ್ಲದೆ ಕೂರಿಸಲಾಗಿದೆ. ಆಕಾರದ ಹೊಂದಿಕೆ ಮತ್ತು ಭಾರ, ಇವೇ ಅವುಗಳನ್ನು ಹಿಡಿದಿರುವ ಬಲ.

ಸಂದು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೂ ಇದೇ ಊರು ಸಾಕ್ಷಿ. ಇಮ್ಮಡಿ ವೀರಬಲ್ಲಾಳನ ಕಾಲದ ಕೇದಾರೇಶ್ವರ ಗುಡಿಯ ವಿಮಾನದಲ್ಲಿ ಮರವೊಂದು ಬೇರೂರಿ, ಕಲ್ಲುಗಳನ್ನು ಒಂದರಿಂದೊಂದು ಸರಿಸಿದ ಸಂಗತಿಯನ್ನು 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ದಾಖಲಿಸಿದ್ದಾನೆ. ಆ ಗುಡಿ ಇಂದು ಶಿಖರವಿಲ್ಲದೆ ನಿಂತಿದೆ. ಅಲ್ಲಿ ಸೋತದ್ದು ಕಲ್ಲಲ್ಲ, ಸಂದು.

ಹಲ್ಲಿಗೆ ಹಾಕಿಸುವ ‘ಕ್ಯಾಪ್’ನ ಕಥೆಯೂ ಹೆಚ್ಚುಕಡಿಮೆ ಇದೇ. ದಂತವೈದ್ಯರು ಹಲ್ಲನ್ನು ಸುತ್ತಲೂ ತೇಯ್ದು, ಮೇಲಕ್ಕೆ ತುಸು ಕಿರಿದಾಗುವ ಗೂಟದಂತೆ ಮಾಡಿ ಅದರ ಮೇಲೆ ಕವಚ ಕೂರಿಸುತ್ತಾರೆ. ಗೂಟ ಗಿಡ್ಡವಾದರೆ ಅಥವಾ ಅತಿಯಾಗಿ ಮೊನಚಾದರೆ ಹಿಡಿತ ತಪ್ಪುತ್ತದೆ. 19ನೇ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಜಿಂಕ್ ಫಾಸ್ಫೇಟ್ ಸಿಮೆಂಟು ಕವಚಕ್ಕೂ ಹಲ್ಲಿಗೂ ನಡುವಿನ ತೆರಪನ್ನು ತುಂಬುತ್ತಿತ್ತೇ ಹೊರತು ಹಲ್ಲಿಗೆ ನಿಜವಾಗಿ ಅಂಟುತ್ತಿರಲಿಲ್ಲ. ಹೀಗಾಗಿ ಹಿಡಿತಕ್ಕಾಗಿ ಚೆನ್ನಾಗಿದ್ದ ಹಲ್ಲನ್ನೂ ತೇಯಬೇಕಾಗುತ್ತಿತ್ತು.

ದಿಕ್ಕು ಬದಲಾದದ್ದು 1955ರಲ್ಲಿ. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಸುತ್ತಿದ್ದುದನ್ನು ಗಮನಿಸಿದ ಅಮೆರಿಕದ ಮೈಕೆಲ್ ಬ್ಯೂನೊಕೋರ್, ಅದೇ ಆಮ್ಲವನ್ನು ಹಲ್ಲಿನ ಎನಾಮೆಲ್ ಮೇಲೆ ಪ್ರಯೋಗಿಸಿದರು. ಆಮ್ಲ ಸೋಕಿದಾಗ ನಯವಾದ ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದ ಗುಳಿಗಳು ಏಳುತ್ತವೆ. ದ್ರವರೂಪದ ರಾಳ ಅವುಗಳೊಳಗೆ ಇಳಿದು ಗಟ್ಟಿಯಾಗುತ್ತದೆ. ಶಿಲ್ಪಿ ಉಳಿಯಿಂದ ಮಾಡುವ ಕಚ್ಚನ್ನು ಇಲ್ಲಿ ಆಮ್ಲ ಮಾಡುತ್ತದೆ. 1962ರಲ್ಲಿ ರಫೇಲ್ ಬೋವೆನ್ ರೂಪಿಸಿದ ರಾಳ ಇದಕ್ಕೆ ಬಲ ನೀಡಿತು. 1972ರಲ್ಲಿ ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ ಪ್ರಕಟಿಸಿದ ಗ್ಲಾಸ್ ಅಯನೊಮರ್ ಸಿಮೆಂಟು ಹಲ್ಲಿನ ಕ್ಯಾಲ್ಸಿಯಂ ಜೊತೆ ರಾಸಾಯನಿಕವಾಗಿಯೇ ಬೆಸೆಯುತ್ತದೆ.

ಎನಾಮೆಲ್‌ನ ಕೆಳಗಿರುವ ಡೆಂಟಿನ್ ಮಾತ್ರ ಸುಲಭಕ್ಕೆ ಮಣಿಯಲಿಲ್ಲ. ಅದರಲ್ಲಿ ನೀರಿನಂಶವೂ ಕೊಲಾಜನ್ ನಾರುಗಳೂ ಇವೆ. ರಾಳ ಆ ನಾರುಗಳ ನಡುವೆ ಹೊಕ್ಕು ಮಿಶ್ರಪದರವೊಂದನ್ನು ಕಟ್ಟುತ್ತದೆ ಎಂದು 1982ರಲ್ಲಿ ಜಪಾನಿನ ನೊಬುವೊ ನಕಬಯಾಶಿ ಮತ್ತು ಸಂಗಡಿಗರು ತೋರಿಸಿಕೊಟ್ಟರು.

ಇಷ್ಟಾದರೂ ಈ ಬೆಸುಗೆಗೆ ಶತ್ರುಗಳಿವೆ. ಅಂಟಿಸುವ ಹೊತ್ತಿನಲ್ಲಿ ಜೊಲ್ಲು ತಾಗಿದರೆ ಹಿಡಿತ ಕುಗ್ಗುತ್ತದೆ. ಅಂಚಿನ ಸಂದು ಸವೆದರೆ ಸೂಕ್ಷ್ಮಜೀವಿಗಳು ಒಳಸೇರಿ, ಕವಚ ಹೊರಗೆ ಹೊಳೆಯುತ್ತಿರುವಾಗಲೇ ಒಳಗಿನ ಹಲ್ಲು ಹುಳುಕಾಗುತ್ತದೆ. ಕಳಚಿ ಬಿದ್ದ ಕ್ಯಾಪನ್ನು ಮನೆಯಲ್ಲಿರುವ ಅಂಟು ಹಚ್ಚಿ ಕೂರಿಸುವುದು ಅಪಾಯ. ಅದನ್ನು ಜೋಪಾನವಾಗಿ ವೈದ್ಯರ ಬಳಿ ಒಯ್ಯುವುದೇ ಸರಿ. ಕ್ಯಾಪ್ ಕೂತ ಮೇಲೂ ಅಂಚನ್ನು ದಿನವೂ ಸ್ವಚ್ಛವಾಗಿಡಬೇಕು, ಆಗಾಗ ತೋರಿಸಬೇಕು.

ಕೇದಾರೇಶ್ವರನ ಶಿಖರದಲ್ಲಿ ಬೇರೂರಿದ ಮರವೂ ಮೊದಲಿಗೆ ಒಂದು ಸಣ್ಣ ಸಸಿಯೇ ಆಗಿತ್ತು. ಆಗಲೇ ಕಿತ್ತಿದ್ದರೆ ಕಲ್ಲು ಕಲ್ಲಿನ ಮೇಲೇ ಇರುತ್ತಿತ್ತು.